"ಚಾರ್ಜ್" ಎಂದು ಬರೆಯುವ ಮುಂಚೆ: ಯಾವ ಹೊರೆಗೆ ಯಾವ ಮಾತು

ಹೋದ ಮಳೆಗಾಲದಲ್ಲಿ ಒಂದು ಸಂಜೆ, ಅಂಗಡಿ ಬಾಗಿಲು ಹಾಕುವ ಹೊತ್ತಿಗೆ, ಗೌಡರೊಬ್ಬರು ಕೊಡೆ ಮಡಚಿಕೊಂಡು ಒಳಗೆ ಬಂದರು. ಶಿವಮೊಗ್ಗದ ಹಾಸ್ಟೆಲಿನಲ್ಲಿ ಓದುವ ಮಗ ಕಳಿಸಿದ್ದ ಮೆಸೇಜನ್ನು ತೋರಿಸಿದರು. ಅದರಲ್ಲಿ ಇದ್ದದ್ದು ಎರಡೇ ಮಾತು: "ಚಾರ್ಜ್ ಇಲ್ಲ."

"ಇದಕ್ಕೆ ಎಂತ ಅರ್ಥ? ಫೋನಿಗೆ ಚಾರ್ಜ್ ಇಲ್ಲ ಅಂತಲೋ, ಊರಿಗೆ ಬರೋಕೆ ಬಸ್ ಚಾರ್ಜ್ ಇಲ್ಲ ಅಂತಲೋ?"

ಮರುದಿನ ಹುಡುಗ ಊರಿಗೆ ಬರಬೇಕಿತ್ತು. ಫೋನ್ ಮಾಡಿದರೆ ಸ್ವಿಚ್ ಆಫ್. ಯಾವುದಕ್ಕೂ ಇರಲಿ ಅಂತ ನನ್ನ ಫೋನಿನಿಂದಲೇ ಅವನ ಖಾತೆಗೆ 200 ರೂಪಾಯಿ ಹಾಕಿದೆವು. ಬೆಳಿಗ್ಗೆ ಗೊತ್ತಾಯಿತು, ಹಾಸ್ಟೆಲಿನಲ್ಲಿ ಕರೆಂಟು ಹೋಗಿತ್ತು, ಅಷ್ಟೆ. ದುಡ್ಡೇನೂ ದಂಡವಾಗಲಿಲ್ಲ. ಆದರೆ ಆ ರಾತ್ರಿ ಆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ನನ್ನದು ತೀರ್ಥಹಳ್ಳಿಯಲ್ಲಿ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಅರ್ಜಿ, ತಕರಾರು, ಬಾಡಿಗೆ ಕರಾರು, ಬೋರ್ಡಿನ ಮ್ಯಾಟರ್, ಸಂಘದ ನೋಟೀಸು, ಎಲ್ಲವನ್ನೂ ಟೈಪು ಮಾಡಿಕೊಡುತ್ತೇನೆ. ದಿನಕ್ಕೆ ಒಬ್ಬರಾದರೂ ಕೇಳುವ ಪ್ರಶ್ನೆ ಒಂದಿದೆ: "ಇಲ್ಲಿ ಚಾರ್ಜ್ ಅಂತಲೇ ಇರಲಾ, ಕನ್ನಡದಲ್ಲಿ ಹಾಕಲಾ? ಕನ್ನಡದಲ್ಲಿ ಅಂದರೆ ಯಾವುದು?" ಒಂದೇ ಉತ್ತರ ಕೊಡುವ ಹಾಗಿಲ್ಲ. ಬಸ್ಸಿಗೆ ಒಂದು, ಪಹಣಿಗೆ ಒಂದು, ಪೊಲೀಸ್ ಠಾಣೆಗೆ ಒಂದು, ಶಾಲೆಯ ಪ್ರಭಾರಕ್ಕೆ ಇನ್ನೊಂದು. ಹಾಗಾಗಿ ಕೇಳಿದವರಿಗೆಲ್ಲ ಇಷ್ಟು ದಿನ ಹೇಳಿದ್ದನ್ನು ಒಂದೆಡೆ ಬರೆದಿಡುತ್ತಿದ್ದೇನೆ.

ಮೊದಲು ಮಾತಿನ ಮೂಲ ನೋಡಿಬಿಡೋಣ, ಮುಂದಿನದೆಲ್ಲ ಸುಲಭವಾಗುತ್ತದೆ. ಇಂಗ್ಲಿಷಿಗೆ ಇದು ಹಳೆಯ ಫ್ರೆಂಚಿನಿಂದ ಬಂತು. ಅದಕ್ಕೂ ಹಿಂದೆ ಲ್ಯಾಟಿನ್ನಿನಲ್ಲಿ 'ಕರ್ರುಸ್' ಅಂದರೆ ಗಾಡಿ, 'ಕರ್ರಿಕಾರೆ' ಅಂದರೆ ಗಾಡಿಗೆ ಹೇರುವುದು. ಕಾರು, ಕಾರ್ಗೋ, ಕ್ಯಾರಿ ಎಲ್ಲ ಅದೇ ಬಳಗದವು. ಅಂದಮೇಲೆ ಚಾರ್ಜ್ ಎಂದರೆ ಮೂಲದಲ್ಲಿ ಹೊರೆ ಹೇರುವುದು. ಕೋವಿಗೆ ಮದ್ದು ಹೇರಿದರೆ ಚಾರ್ಜ್, ಒಬ್ಬನ ಮೇಲೆ ತಪ್ಪು ಹೇರಿದರೆ ಚಾರ್ಜ್, ಖರ್ಚು ಹೇರಿದರೆ ಚಾರ್ಜ್, ಕೆಲಸ ಹೇರಿದರೂ ಚಾರ್ಜ್.

ನಮ್ಮ ಮಾತೂ ಅದೇ ದಾರಿಯಲ್ಲಿ ನಡೆದಿದೆ ಎಂಬುದು ನನಗೆ ತಡವಾಗಿ ಹೊಳೆಯಿತು. ಸೊಪ್ಪಿನಬೆಟ್ಟದಲ್ಲಿ ಸೊಪ್ಪು ಕಡಿದು ಹೊರೆ ಕಟ್ಟಿದ ಹೆಂಗಸು ತಲೆಗೆ ಸಿಂಬೆ ಇಟ್ಟುಕೊಂಡು, ಹಾದಿಯಲ್ಲಿ ಹೋಗುವವರನ್ನು ಕರೆದು, "ಅಣ್ಣಾ, ಸ್ವಲ್ಪ ಹೊರೆ ಹೊರಿಸಿ" ಅನ್ನುತ್ತಾಳೆ. ಅವನು ಹೊರಿಸುತ್ತಾನೆ, ಅವಳು ಹೊರುತ್ತಾಳೆ. ಈ ಎರಡು ಕ್ರಿಯೆಗಳನ್ನೇ ನಾವು ಕಚೇರಿಗೂ ಕೋರ್ಟಿಗೂ ಒಯ್ದಿದ್ದೇವೆ: ಹೊಣೆ ಹೊತ್ತರು, ಆರೋಪ ಹೊರಿಸಿದರು. ಪ್ರಭಾರ, ಕಾರ್ಯಭಾರ, ಋಣಭಾರ, ಎಲ್ಲದರೊಳಗೂ ಒಂದು ಭಾರ ಕೂತಿದೆ. ಆದ್ದರಿಂದ ಯಾರಾದರೂ ಚಾರ್ಜಿಗೆ ಕನ್ನಡ ಕೇಳಿದರೆ ನಾನು ಮೊದಲು ಕೇಳುವುದು ಮೂರು: ಹೊರೆಯೊಳಗೆ ಏನಿದೆ, ಹೊರಿಸಿದವರು ಯಾರು, ಹೊರುವವರು ಯಾರು. ಈ ಮೂರಕ್ಕೆ ಉತ್ತರ ಸಿಕ್ಕರೆ ಪದ ತಾನಾಗಿ ಬರುತ್ತದೆ.

ಯಾವುದರಿಂದ ಅಳೆಯುವುದು

ನಾನು ನಾಲ್ಕು ಸಂಗತಿ ನೋಡುತ್ತೇನೆ. ಓದುವವರಿಗೆ ಒಂದೇ ಓದಿಗೆ ತಿಳಿಯಬೇಕು. ಬೇರೆ ಅರ್ಥ ನುಸುಳಬಾರದು. ಕಾನೂನಿನ ಕಾಗದವಾದರೆ ಕಾನೂನು ಒಪ್ಪುವ ಮಾತೇ ಇರಬೇಕು. ಕೊನೆಯದು ಜಾಗ ಮತ್ತು ಖರ್ಚು: ಬೋರ್ಡು ಬರೆಸುವವರಿಗೆ ಅಕ್ಷರ ಹೆಚ್ಚಾದಷ್ಟೂ ಬೋರ್ಡು ದೊಡ್ಡದಾಗಬೇಕು, ಅರ್ಜಿ ಕೊಡುವವರಿಗೆ ಆ ಚಿಂತೆಯಿಲ್ಲ. ನಾಲ್ಕರಲ್ಲಿ ನಾನು ಹೆಚ್ಚು ತೂಕ ಕೊಡುವುದು ಎರಡನೆಯದಕ್ಕೆ. ಕಷ್ಟದ ಪದವಾದರೆ ಓದುವವನು ಇನ್ನೊಬ್ಬರನ್ನು ಕೇಳಿಯಾನು. ತಪ್ಪಾಗಿ ತಿಳಿದವನು ಯಾರನ್ನೂ ಕೇಳುವುದಿಲ್ಲ, ತಿಳಿದದ್ದೇ ಸರಿಯೆಂದು ಹೊರಟುಬಿಡುತ್ತಾನೆ.

ಹಣದ ಹೊರೆ

ಜನ ಹೆಚ್ಚು ಕೇಳುವುದು ಇದನ್ನೇ, ಆಯ್ಕೆಗಳೂ ಇಲ್ಲೇ ಹೆಚ್ಚು. ಶುಲ್ಕ, ದರ, ಬಾಡಿಗೆ, ಕೂಲಿ, ಫೀಸು, ವೆಚ್ಚ. ಇಂಗ್ಲಿಷಿನವರು ಇವನ್ನೆಲ್ಲ ಒಂದೇ ಚೀಲಕ್ಕೆ ತುಂಬಿದ್ದಾರೆ. ನಮ್ಮಲ್ಲಿ ಹಣ ಯಾತಕ್ಕೆ ಹೋಗುತ್ತದೆ ಎಂಬುದರ ಮೇಲೆ ಹೆಸರು. ವಸ್ತುವನ್ನು ಬಳಸಿದ್ದಕ್ಕೆ ಕೊಟ್ಟರೆ ಬಾಡಿಗೆ. ಮೈಮುರಿದು ದುಡಿದವರಿಗೆ ಕೊಟ್ಟರೆ ಕೂಲಿ. ಸರ್ಕಾರಕ್ಕೋ ಸಂಸ್ಥೆಗೋ ಅವರು ಗೊತ್ತುಮಾಡಿದ ಹಾಗೆ ಕಟ್ಟಿದರೆ ಶುಲ್ಕ. ಕಿಲೋಮೀಟರಿಗಿಷ್ಟು, ಕ್ವಿಂಟಾಲಿಗಿಷ್ಟು ಎಂಬ ಲೆಕ್ಕವಿದ್ದರೆ ದರ. ವೈದ್ಯರಿಗೆ, ವಕೀಲರಿಗೆ ಫೀಸು. ಯಕ್ಷಗಾನದ ಮೇಳಕ್ಕೆ ಆಟ ಆಡಿಸಲು ಕೊಡುವುದಕ್ಕೆ ವೀಳ್ಯ ಎಂಬ ಗೌರವದ ಮಾತೇ ಇದೆ. ಅದನ್ನು "ಮೇಳದ ಚಾರ್ಜ್" ಎಂದು ಬರೆಸಲು ಬಂದವರಿಗೆ ನಾನು ವೀಳ್ಯ ಎಂದೇ ಹಾಕಿಕೊಟ್ಟಿದ್ದೇನೆ.

ಕೂಲಿ ಎಂಬ ಮಾತಿಗೆ ಕೆಲವರು ಹಿಂಜರಿಯುತ್ತಾರೆ, ಕೀಳಾಗಿ ಕೇಳುತ್ತದೆ ಎಂದು. ನನಗೆ ಹಾಗನಿಸುವುದಿಲ್ಲ. ಮರದಿಂದ ಮರಕ್ಕೆ ದಾಟುತ್ತ ಅಡಿಕೆ ಕೊನೆ, ಅಂದರೆ ಗೊನೆ, ಇಳಿಸುವವರ ಲೆಕ್ಕದ ಪುಸ್ತಕದಲ್ಲಿ "ಕೊನೆ ಚಾರ್ಜ್" ಎಂದು ಬರೆದರೆ ದುಡಿದ ಕೈ ಕಾಣುವುದಿಲ್ಲ. "ಕೊನೆ ತೆಗೆದ ಕೂಲಿ" ಎಂದರೆ ಕಾಣುತ್ತದೆ.

ಅಡಿಕೆ ಮಾರಿದ ಪಟ್ಟಿಯಲ್ಲಿ "ಇತರೆ ಚಾರ್ಜ್" ಎಂಬ ಒಂದು ಸಾಲು ಕಂಡರೆ ಬಿಡಿಸಿ ಬರೆಸಿಕೊಳ್ಳಿ. ಹಮಾಲಿ ಎಷ್ಟು, ತೂಕದ್ದು ಎಷ್ಟು, ಲಾರಿ ಬಾಡಿಗೆ ಎಷ್ಟು. ಹಮಾಲಿ ಎಂಬುದೂ ಹೊರೆಯ ಮಾತೇ, ಅರಬ್ಬಿಯಿಂದ ಬಂದದ್ದು. ಬಿಡಿಸಿದ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. "ಇತರೆ ಚಾರ್ಜ್" ಎಂದಿದ್ದರೆ ಬೆರಳಿಡಲು ಜಾಗವೇ ಇಲ್ಲ.

ಕರೆಂಟು ಬಿಲ್ಲಿನ ವಿಷಯಕ್ಕೆ ಬಂದರೆ, ಮೆಸ್ಕಾಂ ಬಿಲ್ಲಿನಲ್ಲಿ ನಿಗದಿತ ಶುಲ್ಕ ಒಂದು, ವಿದ್ಯುತ್ ಶುಲ್ಕ ಇನ್ನೊಂದು. ಮಲೆನಾಡಿನಲ್ಲಿ ಬೀಗ ಹಾಕಿದ ಮನೆಗಳು ಹೆಚ್ಚಾಗಿವೆ, ಮಕ್ಕಳೆಲ್ಲ ಬೆಂಗಳೂರಿನಲ್ಲಿ. "ಒಂದು ಬಲ್ಬೂ ಉರಿದಿಲ್ಲ, ಚಾರ್ಜ್ ಎಂತಕ್ಕೆ ಬಂತು?" ಎಂದು ತಕರಾರು ಬರೆಸಲು ಬರುತ್ತಾರೆ. ಉರಿಸಿದ ಯೂನಿಟ್ಟಿಗೆ ಬರುವುದು ವಿದ್ಯುತ್ ಶುಲ್ಕ. ನಿಗದಿತ ಶುಲ್ಕ ಬರುವುದು ಮನೆಗೆ ಮಂಜೂರಾದ ಲೋಡಿನ ಮೇಲೆ, ಬೀಗ ಹಾಕಿದ್ದರೂ ಬರುತ್ತದೆ. ಇಲ್ಲಿಯೂ ಲೋಡು, ಹೊರೆ! ತಕರಾರು ಬರೆಯುವುದಿದ್ದರೆ ಯಾವ ಶುಲ್ಕದ ಮೇಲೆ ಎಂದು ಹೆಸರು ಹಿಡಿದು ಬರೆಯಿರಿ. "ಚಾರ್ಜ್ ಜಾಸ್ತಿ ಬಂದಿದೆ" ಎಂದರೆ ಉತ್ತರವೂ ಅಷ್ಟೇ ಮಸುಕಾಗಿ ಬರುತ್ತದೆ.

ಬಸ್ಸಿಗೆ ಮಾತ್ರ ಬಾಯಿಮಾತಿನಲ್ಲಿ ಚಾರ್ಜ್ ಅಂದರೆ ಸಾಕು. "ಆಗುಂಬೆಗೆ ಚಾರ್ಜ್ ಎಷ್ಟು?" ಎಂದರೆ ತಿಳಿಯದ ಕಂಡಕ್ಟರ್ ಇಲ್ಲ. ಪ್ರಯಾಣ ದರ ಎಂಬುದು ಪತ್ರಿಕೆಗೆ, ಸರ್ಕಾರಿ ಆದೇಶಕ್ಕೆ ಸರಿ. ಆದರೆ ನೋಟೀಸಿನಲ್ಲಿ "ಮಹಿಳೆಯರಿಗೆ ಬಸ್ ಚಾರ್ಜ್ ಇಲ್ಲ" ಎಂದು ಬರೆಸುವ ಸಂಘದವರು ಸ್ವಲ್ಪ ನಿಲ್ಲಬೇಕು. 2023ರ ಜೂನ್ 11ರಿಂದ ಶುರುವಾದ ಶಕ್ತಿ ಯೋಜನೆ ಇರುವುದು ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸಿಗೆ. ನಮ್ಮ ಕಡೆ ಎಷ್ಟೋ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು. "ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಮಹಿಳೆಯರು ಟಿಕೆಟ್ಟಿಗೆ ಹಣ ಕೊಡಬೇಕಿಲ್ಲ, ಖಾಸಗಿ ಬಸ್ಸಿನಲ್ಲಿ ಕೊಡಬೇಕು" ಎಂದು ಎರಡು ಸಾಲು ಹೆಚ್ಚಾದರೂ ಹಾಗೇ ಹಾಕಿಸಿ. ಸಭೆಗೆ ಬಂದ ಮುದುಕಿ ಕಂಡಕ್ಟರನ ಮುಂದೆ ಕೈ ಖಾಲಿ ಮಾಡಿಕೊಂಡು ನಿಲ್ಲುವುದು ತಪ್ಪುತ್ತದೆ.

ಜಮೀನಿನ ಮೇಲಿನ ಹೊರೆ

ಇಲ್ಲಿ ಎಚ್ಚರ ತಪ್ಪಿದರೆ ನಷ್ಟ ದೊಡ್ಡದು. ಕೆಲವು ವರ್ಷದ ಹಿಂದೆ ನನಗೇ ಆದದ್ದು ಹೇಳುತ್ತೇನೆ. ಒಂದು ಕಚೇರಿಯಿಂದ ಬಂದ ಕಾಗದವನ್ನು ವಯಸ್ಸಾದ ರೈತರೊಬ್ಬರು ತಂದು ಓದಿಸಿದರು. "ತಮ್ಮ ಜಮೀನಿನ ಮೇಲೆ ಚಾರ್ಜ್ ಇರುತ್ತದೆ" ಎಂದಿತ್ತು. ಗಡಿಬಿಡಿಯಲ್ಲಿದ್ದ ನಾನು, "ಏನೋ ಚಾರ್ಜ್ ಕಟ್ಟಬೇಕಂತೆ ನೋಡಿ" ಅಂದುಬಿಟ್ಟೆ. ಅವರು ಮಾರನೆಯ ದಿನ ಹಣ ಹೊಂದಿಸಿಕೊಂಡು ಅಷ್ಟು ದೂರ ಹೋಗಿದ್ದಾರೆ. ಕಟ್ಟಲು ಏನೂ ಬಾಕಿಯಿರಲಿಲ್ಲ! ಸಾಲ ಎಂದೋ ತೀರಿತ್ತು, ಪಹಣಿಯಲ್ಲಿ ನಮೂದು ಮಾತ್ರ ಹಾಗೇ ಉಳಿದಿತ್ತು. ಆ ದಿನ ಅವರ ಮುಖ ನೋಡಿ ನನಗೆ ಹೊಟ್ಟೆ ತೊಳಸಿದ ಹಾಗಾಯಿತು. ಅವತ್ತಿನಿಂದ ಈ ಒಂದು ಪದ ಕಂಡಲ್ಲಿ ಎರಡು ಸಲ ಓದುತ್ತೇನೆ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಕಲಂ ಇದನ್ನು ವಿವರಿಸುತ್ತದೆ. ಒಬ್ಬರ ಸ್ಥಿರಾಸ್ತಿಯನ್ನು ಇನ್ನೊಬ್ಬರಿಗೆ ಸಲ್ಲಬೇಕಾದ ಹಣಕ್ಕೆ ಭದ್ರತೆಯಾಗಿ ಮಾಡಿದ್ದು, ಅದು ಅಡಮಾನ ಆಗದಿದ್ದರೆ, ಅದು ಚಾರ್ಜ್. ಅಡಮಾನದಲ್ಲಿ ಆಸ್ತಿಯ ಮೇಲಿನ ಹಕ್ಕಿನ ಒಂದು ಪಾಲು ಸಾಲ ಕೊಟ್ಟವರ ಕೈಗೆ ದಾಟುತ್ತದೆ. ಚಾರ್ಜಿನಲ್ಲಿ ಹಕ್ಕು ದಾಟುವುದಿಲ್ಲ, ಜಮೀನಿನ ತಲೆ ಮೇಲೆ ಹೊರೆ ಮಾತ್ರ ಕೂರುತ್ತದೆ.

ಕನ್ನಡಕ್ಕೆ ಏನು ಹಾಕುವುದು? ಅಡಮಾನ ಎಂದರೆ ಕಾನೂನಿನಲ್ಲಿ ತಪ್ಪು. ಶುಲ್ಕ ಎಂದರೆ ನನ್ನ ಹಾಗೆ ದಾರಿ ತಪ್ಪಿಸಿದಂತೆ. ಉತ್ತರ ಕರ್ನಾಟಕದ ಕಡೆ ಬೋಜಾ ಎನ್ನುತ್ತಾರೆ, ಹೊರೆ ಎಂದೇ ಅರ್ಥ, ಒಳ್ಳೆಯ ಮಾತು, ಆದರೆ ನಮ್ಮಲ್ಲಿ ಎಲ್ಲರಿಗೂ ಬಳಕೆಯಿಲ್ಲ. ಈಡು ಎಂಬ ಹಳೆಯ ಮಾತೂ ಇದೆ. ಸಾಲಕ್ಕೆ ಇಟ್ಟದ್ದೂ ಈಡು, ಕೋವಿಗೆ ತುಂಬಿದ್ದೂ ಈಡು. ಚಾರ್ಜಿನ ಎರಡು ಅರ್ಥ ಒಂದೇ ಕನ್ನಡ ಪದದಲ್ಲಿ ಸಿಕ್ಕಿದ್ದು ಕಂಡು ನನಗೆ ಬಹಳ ಸಂತೋಷವಾಗಿತ್ತು. ಆದರೂ ಅರ್ಜಿಗೆ ನಾನು ಹಾಕುವುದು ಋಣಭಾರ. ಪಹಣಿಯ 11ನೇ ಕಾಲಂನಲ್ಲಿ ಋಣಗಳು ಎಂದಿದೆ, ನೋಂದಣಿ ಕಚೇರಿ ಕೊಡುವುದು ಋಣಭಾರ ಪ್ರಮಾಣ ಪತ್ರ. ಕಚೇರಿಯವರಿಗೂ ರೈತರಿಗೂ ಕಣ್ಣಿಗೆ ಬಿದ್ದ ಪದ. ಸಾಲ ತೀರಿಸಿದವರು ಸೊಸೈಟಿಯಿಂದ ಬೇಬಾಕಿ ಪತ್ರ ತಗೊಂಡು, "ಪಹಣಿಯಲ್ಲಿ ನಮೂದಾಗಿರುವ ಋಣಭಾರ ತೆಗೆದುಹಾಕುವ ಬಗ್ಗೆ" ಎಂದು ವಿಷಯ ಬರೆದು ಅರ್ಜಿ ಕೊಡಿ. ಸಾಲ ತೀರಿದರೂ ಹೊರೆ ತಾನಾಗಿ ಇಳಿಯುತ್ತದೆ ಎಂದು ಕೂರಬೇಡಿ, ಇಳಿದಿದೆಯೇ ಎಂದು ಹೊಸ ಪಹಣಿ ತೆಗೆಸಿ ನೋಡಿ.

ಹೆಗಲ ಮೇಲಿನ ಹೊರೆ

"ಹೊಸ ಸಾಹೇಬರು ಚಾರ್ಜ್ ತಗೊಂಡ್ರು." ಕಾಯಂ ಆಗಿ ಬಂದವರಾದರೆ ಅಧಿಕಾರ ಸ್ವೀಕರಿಸಿದರು ಎನ್ನಿ. ಯಾರೋ ರಜೆಯಲ್ಲಿದ್ದಾರೆ, ಹುದ್ದೆ ಖಾಲಿಯಿದೆ, ಅಲ್ಲಿಯವರೆಗೆ ನೋಡಿಕೊಳ್ಳುತ್ತಾರೆ ಎಂದಾದರೆ ಪ್ರಭಾರ. ಮೇಲಿನಿಂದ ನಿಗಾ ಇಡುವ ಕೆಲಸ ಉಸ್ತುವಾರಿ, ಜಿಲ್ಲಾ ಉಸ್ತುವಾರಿ ಸಚಿವರು ಎಂದ ಹಾಗೆ. ಊರಿನ ಜಾತ್ರೆಯಲ್ಲಿ ಅಡುಗೆಯ ಕೆಲಸ ನೋಡಿಕೊಳ್ಳುವವರಿಗೆ ಈ ಮೂರೂ ಭಾರ ಜಾಸ್ತಿ. "ಅಡುಗೆಯ ಜವಾಬ್ದಾರಿ" ಎಂದು ಹೆಸರಿನ ಮುಂದೆ ಬರೆದರೆ ಸಾಕು.

ಶಾಲೆಯಿಂದ ಬರುವ ಪತ್ರಗಳಲ್ಲಿ ಈ ವ್ಯತ್ಯಾಸಕ್ಕೆ ಬೆಲೆಯಿದೆ. ಪ್ರಭಾರ ಮುಖ್ಯಶಿಕ್ಷಕರನ್ನು ಮುಖ್ಯಶಿಕ್ಷಕರು ಎಂದೇ ಬರೆದುಬಿಟ್ಟರೆ ಹುದ್ದೆ ಖಾಲಿಯಿದೆ ಎಂಬ ಸಂಗತಿ ಕಾಗದದಿಂದ ಮಾಯವಾಗುತ್ತದೆ. ಕಾಯಂ ಶಿಕ್ಷಕರು ಬೇಕೆಂದು ಕೇಳುವ ಅರ್ಜಿಯಲ್ಲೇ ಈ ತಪ್ಪಾದರೆ ಅರ್ಜಿಯ ಬಲವೇ ಹೋಯಿತು. ಬಿಟ್ಟುಹೋಗುವವರು ಬೀರು, ಪುಸ್ತಕ, ಬೀಗದ ಕೈ ಲೆಕ್ಕ ಒಪ್ಪಿಸುವ ಕಾಗದಕ್ಕೆ ಪ್ರಭಾರ ಹಸ್ತಾಂತರದ ಪಟ್ಟಿ ಎನ್ನಬಹುದು. ಟೈಪು ಮಾಡುವಾಗ ಪ್ರಭಾರದ 'ಭಾ' ಜಾಗದಲ್ಲಿ 'ಹಾ' ಬಿದ್ದರೆ ಪ್ರಹಾರವಾಗುತ್ತದೆ, ಅಂದರೆ ಹೊಡೆತ. ಮುದ್ರಣಕ್ಕೆ ಕೊಡುವ ಮುಂಚೆ ಒಮ್ಮೆ ಗಟ್ಟಿಯಾಗಿ ಓದಿ.

ತಪ್ಪಿನ ಹೊರೆ

ಪತ್ರಿಕೆಗೆ ಸುದ್ದಿ ಬರೆಯುವ ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಮಾತಿನಿಂದ ಮನುಷ್ಯನ ಮಾನ ಹೋಗುತ್ತದೆ. ಠಾಣೆಯಲ್ಲಿ ಕೊಟ್ಟದ್ದು ದೂರು. ದಾಖಲಾದದ್ದು ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್. ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಸಲ್ಲಿಸುವುದು ಚಾರ್ಜ್‌ಶೀಟ್, ಅಂದರೆ ದೋಷಾರೋಪ ಪಟ್ಟಿ. ಕಾನೂನು ಇದನ್ನು ಪೊಲೀಸ್ ವರದಿ ಎನ್ನುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 173ನೇ ಕಲಂ ಆಗಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 193ನೇ ಕಲಂ. ಅದರ ನಂತರ ನ್ಯಾಯಾಧೀಶರು ಕಾಗದ ನೋಡಿ ಆರೋಪ ನಿಗದಿ ಮಾಡಬೇಕು, ಅದೂ ಚಾರ್ಜೇ. ಪೊಲೀಸರು ಪಟ್ಟಿ ಸಲ್ಲಿಸಿದರೂ ಕೋರ್ಟು ಆರೋಪಕ್ಕೆ ಆಧಾರವಿಲ್ಲ ಎಂದು ಬಿಡುಗಡೆ ಮಾಡಬಹುದು. "ಚಾರ್ಜ್ ಆಯಿತು" ಎಂದು ಬರೆದರೆ ಇವೆರಡರಲ್ಲಿ ಯಾವುದು ಎಂದು ಓದುಗನಿಗೆ ತಿಳಿಯುವುದಿಲ್ಲ. ಆರೋಪ ಹೊರಿಸಿದ್ದಾರೆ ಎಂಬುದು ಕಡೆಯವರೆಗೂ ಸುರಕ್ಷಿತವಾದ ಮಾತು. ಹೊರೆ ಬೇರೆಯವರು ಹೊರಿಸಿದ್ದು, ಅದು ಅವನದ್ದೇ ಎಂದು ಇನ್ನೂ ಸಾಬೀತಾಗಿಲ್ಲ ಎಂಬುದು ಆ ಕ್ರಿಯಾಪದದಲ್ಲೇ ಇದೆ. ಅಪರಾಧಿ ಎಂಬ ಮಾತು ತೀರ್ಪು ಬಂದ ಮೇಲೆ.

ಸರ್ಕಾರಿ ನೌಕರರಿಗೆ ಇಲಾಖೆಯಿಂದಲೂ ಚಾರ್ಜ್‌ಶೀಟ್ ಬರುತ್ತದೆ. ಅದಕ್ಕೂ ಪೊಲೀಸರಿಗೂ ಸಂಬಂಧವಿರಬೇಕೆಂದಿಲ್ಲ. ಊರಿನಲ್ಲಿ ಸುದ್ದಿ ಹಬ್ಬುವಾಗ ಎರಡೂ ಒಂದೇ ಆಗಿಬಿಡುತ್ತವೆ. "ಇಲಾಖಾ ವಿಚಾರಣೆಯ ಆರೋಪಪಟ್ಟಿ" ಎಂದು ಪೂರ್ತಿ ಬರೆದರೆ ಒಬ್ಬ ಮಾಸ್ತರರ ಮನೆಯವರು ತಲೆ ಎತ್ತಿಕೊಂಡು ಪೇಟೆಗೆ ಬರಬಹುದು.

ಬ್ಯಾಟರಿಯ ಹೊರೆ

ಫೋನಿಗೆ ಚಾರ್ಜ್ ಎಂಬುದನ್ನು ಬದಲಿಸಲು ಹೋಗಬೇಡಿ. ಕನ್ನಡದವರೆಲ್ಲ ಮಾಡಿಕೊಂಡ ಕನ್ನಡ ಪದ ಅದು. "ಚಾರ್ಜಿಗೆ ಹಾಕು" ಎಂದರೆ ಎಂಬತ್ತರ ಅಜ್ಜಿಗೂ ಗೊತ್ತು. ಮೆಸೇಜಿನಲ್ಲಿ ಮಾತ್ರ "ಫೋನ್ ಚಾರ್ಜ್" ಎಂದು ಒಂದು ಪದ ಸೇರಿಸಿ, ಗೌಡರ ಮನೆಯ ನಿದ್ದೆಗಾಗಿ.

ಪಾಠದ ಪುಸ್ತಕದಲ್ಲಿ ಇದು ಬೇರೆಯೇ. ಅಲ್ಲಿ ವಿದ್ಯುದಾವೇಶ, ಅಳತೆಗೆ ಕೂಲಮ್. ಆವೇಶ ಎಂದ ಕೂಡಲೇ ನಮ್ಮ ಕಡೆಯ ಮಕ್ಕಳಿಗೆ ದೇವರು ಮೈಮೇಲೆ ಬಂದದ್ದು ನೆನಪಾಗುತ್ತದೆ. ಪರವಾಗಿಲ್ಲ, ಆ ನೆನಪಿನಿಂದಲೇ ಶುರುಮಾಡಿ ಎಂದು ವಿಜ್ಞಾನದ ಮೇಷ್ಟ್ರೊಬ್ಬರಿಗೆ ಹೇಳಿದ್ದೆ, ಏನೋ ಒಂದು ಒಳಗೆ ತುಂಬಿಕೊಂಡಿದೆ ಎಂಬುದಾದರೂ ಮಕ್ಕಳಿಗೆ ಸಿಗುತ್ತದೆ. 18ನೇ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗಾಜಿನ ಜಾಡಿಯಲ್ಲಿ ವಿದ್ಯುತ್ತನ್ನು ಹಿಡಿದಿಡುವ ಪ್ರಯೋಗ ಮಾಡುವಾಗ ಚಾರ್ಜ್ ಎಂದದ್ದೂ ತುಂಬುವ ಅರ್ಥದಲ್ಲೇ, ಕೋವಿಗೆ ಈಡು ತುಂಬಿದ ಹಾಗೆ. ಎಲೆಕ್ಟ್ರಾನಿನ ಆವೇಶ ಋಣ, ಪಹಣಿಯಲ್ಲಿ ಇರುವುದೂ ಋಣ. ಫೋನಿನ ಪೆಟ್ಟಿಗೆಯ ಮೇಲೆ 5000 ಮಿಲಿಆಂಪಿಯರ್ ಗಂಟೆ ಎಂದಿದ್ದರೆ ಅದು ವಿದ್ಯುದಾವೇಶದ ಲೆಕ್ಕವೇ, ಕೂಲಮ್ಮಿನಲ್ಲಿ 18,000. ಹತ್ತನೇ ತರಗತಿಯವರಿಗೆ ಈ ಲೆಕ್ಕ ಮಾಡಿಸಿದರೆ ಪುಸ್ತಕದ ಆವೇಶವೂ ಕೈಯಲ್ಲಿರುವ ಚಾರ್ಜೂ ಒಂದೇ ಬಳಗ ಎಂದು ಗೊತ್ತಾಗುತ್ತದೆ. ಪರೀಕ್ಷೆಗೆ ವಿದ್ಯುದಾವೇಶ, ಮನೆಗೆ ಚಾರ್ಜ್. ಒಂದರ ಜಾಗಕ್ಕೆ ಇನ್ನೊಂದನ್ನು ತರಬೇಡಿ.

ಉಳಿದ ಎರಡು

ಲಾಠಿ ಚಾರ್ಜಿಗೆ ಲಾಠಿ ಪ್ರಹಾರ ಎಂದು ಪತ್ರಿಕೆಗಳು ಬರೆಯುತ್ತವೆ, ಲಾಠಿ ಬೀಸಿದರು ಎಂಬುದು ಇನ್ನೂ ನೇರ. ಆನೆ, ಕಾಡುಕೋಣ ಚಾರ್ಜ್ ಮಾಡಿತು ಎಂಬುದಕ್ಕೆ ನಮ್ಮ ಮಾತು ಏರಿ ಬಂತು, ನುಗ್ಗಿ ಬಂತು. ಹೆದರಿಸಲು ನಾಲ್ಕು ಹೆಜ್ಜೆ ನುಗ್ಗಿ ನಿಂತ ಆನೆಗೂ ಮೈಮೇಲೆ ಬಿದ್ದ ಆನೆಗೂ ವ್ಯತ್ಯಾಸವಿದೆ. ಪರಿಹಾರದ ಅರ್ಜಿಯಲ್ಲಿ ಗಾಯವಾಗಿದ್ದರೆ ದಾಳಿ ಮಾಡಿತು ಎಂದೂ, ಗದ್ದೆ ಮಾತ್ರ ಹಾಳಾಗಿದ್ದರೆ ಗದ್ದೆಗೆ ಇಳಿದು ಬೆಳೆ ತುಳಿಯಿತು ಎಂದೂ ನಡೆದ ಹಾಗೇ ಬರೆಯಿರಿ.

ಚಾರ್ಜ್ ಇಲ್ಲದ್ದಕ್ಕೆ ಉಚಿತ, ಪುಕ್ಕಟೆ, ಬಿಟ್ಟಿ ಎಂಬ ಮೂರಿವೆ. ಬೋರ್ಡಿಗೆ ಉಚಿತ. ಪುಕ್ಕಟೆ ಮನೆಯೊಳಗಿನ ಮಾತು. ಬಿಟ್ಟಿ ಎಂದರೆ ಹಿಂದೆ ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುತ್ತಿದ್ದ ದುಡಿಮೆ. ಅದನ್ನು ಯಾವ ಬೋರ್ಡಿಗೂ ಹಾಕಿಕೊಡುವುದಿಲ್ಲ.

ಹೋದ ತಿಂಗಳು ಆಗುಂಬೆ ಕಡೆಯ ಅಕ್ಕ ಒಬ್ಬರು ಹೋಮ್‌ಸ್ಟೇ ಬೋರ್ಡು ಬರೆಸಲು ಚೀಟಿ ತಂದರು. "ರೂಮ್ ಚಾರ್ಜ್, ಊಟದ ಚಾರ್ಜ್ ಬೇರೆ, ಮೊಬೈಲ್ ಚಾರ್ಜ್ ಫ್ರೀ, ಗಾಡಿ ಚಾರ್ಜ್ ಎಕ್ಸ್‌ಟ್ರಾ." ಗಾಡಿ ಚಾರ್ಜ್ ಎಂದರೆ ನಿಲ್ಲಿಸುವುದಕ್ಕೋ, ಬ್ಯಾಟರಿ ಗಾಡಿಗೆ ಕರೆಂಟು ತುಂಬುವುದಕ್ಕೋ ಎಂದು ಕೇಳಿದೆ. "ಕರೆಂಟಿಗೆ. ನಿಲ್ಲಿಸೋಕೆ ಎಂತ ದುಡ್ಡು, ಅಂಗಳ ನಮ್ಮದೇ ಅಲ್ವಾ" ಅಂದರು. ಬೋರ್ಡು ಚಿಕ್ಕದು, ಇನ್ನೊಂದು ಅಡಿ ಹೆಚ್ಚಿಸಲು ಅವರಲ್ಲಿ ಹಣವಿರಲಿಲ್ಲ. ಇಬ್ಬರೂ ಕೂತು ಅಷ್ಟೇ ಜಾಗಕ್ಕೆ ಹೊಂದಿಸಿದೆವು: "ರೂಮ್ ಬಾಡಿಗೆ. ಊಟದ ದರ ಬೇರೆ. ಫೋನ್ ಚಾರ್ಜಿಂಗ್, ಪಾರ್ಕಿಂಗ್ ಉಚಿತ. ಎಲೆಕ್ಟ್ರಿಕ್ ಗಾಡಿ ಚಾರ್ಜಿಂಗ್: ಯೂನಿಟ್ ಲೆಕ್ಕ." ಅಕ್ಕ ಎರಡು ಸಲ ಓದಿಕೊಂಡು, ಚೀಟಿ ಮಡಚಿ, ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡು ಪೇಂಟರ ಅಂಗಡಿಗೆ ಹೋದರು.